ನಕ್ಷತ್ರಮೀನು ನಮ್ಮ ದಾಯಾದಿಯಾದ ಕಥೆ

ಹೈಸ್ಕೂಲಿನಲ್ಲಿ ಪ್ರಾಣಿಗಳ ವರ್ಗೀಕರಣ ಬಾಯಿಪಾಠ ಮಾಡಿದವರಿಗೆಲ್ಲ ಆ ಸಾಲು ನೆನಪಿರುತ್ತದೆ. ಎರೆಹುಳು, ಜಿರಲೆ, ಬಸವನಹುಳು ಮುಗಿದ ಮೇಲೆ ನಕ್ಷತ್ರಮೀನಿನಂಥ ಕಂಟಕಚರ್ಮಿಗಳು, ಕೊನೆಗೆ ಬೆನ್ನೆಲುಬಿರುವ ನಾವು. ಮಿದುಳೇ ಇಲ್ಲದ ನಕ್ಷತ್ರಮೀನನ್ನು ಚುರುಕಾದ ಜೇನುಹುಳಕ್ಕಿಂತ ನಮ್ಮ ಹತ್ತಿರ ಕೂರಿಸಿದ್ದೇಕೆ? ಅಂಕಕ್ಕಾಗಿ ಓದುವಾಗ ಇದನ್ನು ಯಾರೂ ಕೇಳುವುದಿಲ್ಲ. ಉತ್ತರ 19ನೇ ಶತಮಾನದ ಯುರೋಪಿನ ಕಡಲತೀರಗಳಲ್ಲಿದೆ.

1850ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರ್ ಕಡಲಲ್ಲಿ ತೇಲುವ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಮರಿಯೊಂದನ್ನು ವಿವರಿಸಿದರು. ಅದು ನಕ್ಷತ್ರಮೀನಿನದೇ ಮರಿ ಎಂದು ತಿಳಿದರು. ಸುಮಾರು 20 ವರ್ಷಗಳ ಬಳಿಕ ರಷ್ಯಾದ ಇಲ್ಯಾ ಮೆಚ್ನಿಕೊಫ್, ಅದು ಮರಳಿನಲ್ಲಿ ಹುದುಗಿ ಬದುಕುವ ಬೆಲನೋಗ್ಲಾಸಸ್ ಎಂಬ ಹುಳುವಿನ ಮರಿ ಎಂದು ತೋರಿಸಿದರು. ಆ ಹುಳುವಿನ ಗಂಟಲಲ್ಲಿ ಮೀನಿನಂತೆ ಕಿವಿರು ಸೀಳುಗಳಿವೆ ಎಂದು ಅಲೆಕ್ಸಾಂಡರ್ ಕೊವಾಲೆವ್ಸ್ಕಿ 1866ರಲ್ಲೇ ಬರೆದಿದ್ದರು. ಮರಿ ನಕ್ಷತ್ರಮೀನಿನಂತೆ, ಗಂಟಲು ಮೀನಿನಂತೆ. ಎರಡು ಬಳಗಗಳ ನಡುವೆ ಕೊಂಡಿ ಸಿಕ್ಕಿತು.

ಅದೇ ವರ್ಷ ಕೊವಾಲೆವ್ಸ್ಕಿ ಆಸಿಡಿಯನ್‌ಗಳ ಬೆಳವಣಿಗೆಯನ್ನೂ ಪ್ರಕಟಿಸಿದರು. ಬಂಡೆಗೆ ಅಂಟಿದ ಚೀಲದಂತಿರುವ ಈ ಜೀವಿಯನ್ನು ಅಲ್ಲಿಯವರೆಗೆ ಮೃದ್ವಂಗಿಗಳ ಜೊತೆ ಸೇರಿಸುತ್ತಿದ್ದರು. ಮರಿಯನ್ನು ನೋಡಿದರೆ ಗೊದಮೊಟ್ಟೆಯಂತೆ ಬಾಲ. ಬಾಲದೊಳಗೆ ಬೆನ್ನೆಲುಬಿಗೂ ಮೊದಲಿನ ಆಧಾರದಂಡವಾದ ನೋಟೋಕಾರ್ಡ್! ಡಾರ್ವಿನ್ 1871ರ ‘ಡಿಸೆಂಟ್ ಆಫ್ ಮ್ಯಾನ್’ ಪುಸ್ತಕದಲ್ಲಿ ಇದನ್ನು ಎತ್ತಿ ಹೇಳಿದರು.

1908ರಲ್ಲಿ ಕಾರ್ಲ್ ಗ್ರಾಬೆನ್ ಇಡೀ ಕುಟುಂಬಕ್ಕೆ ಹೆಸರಿಟ್ಟರು: ಡ್ಯೂಟರೊಸ್ಟೋಮ್, ಅಂದರೆ ‘ಎರಡನೆಯದಾಗಿ ಬಾಯಿ’. ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ಎರೆಹುಳು, ಬಸವನಹುಳುಗಳ ಬಳಗದಲ್ಲಿ ಸಾಮಾನ್ಯವಾಗಿ ಬಾಯಿಯಾಗುತ್ತದೆ. ನಕ್ಷತ್ರಮೀನಿನಲ್ಲೂ ನಮ್ಮಲ್ಲೂ ಅದರ ಜಾಗದಲ್ಲಿ ಗುದದ್ವಾರ ಬರುತ್ತದೆ, ಬಾಯಿ ಆಮೇಲೆ ತೆರೆಯುತ್ತದೆ. 2006ರಲ್ಲಿ ಕಡಲ ಅರ್ಚಿನ್‌ನ ಜೀನೋಮ್ ಓದಿದಾಗ ಸುಮಾರು 23,000 ಜೀನ್‌ಗಳು ಸಿಕ್ಕವು. ನಂಟು ಅಲ್ಲೂ ಕಂಡಿತು.

ಹಾಗೆಂದು ನಾವು ನಕ್ಷತ್ರಮೀನಿನಿಂದ ಹುಟ್ಟಿದವರಲ್ಲ. 50 ಕೋಟಿ ವರ್ಷಗಳಿಗೂ ಹಿಂದೆ ಒಂದೇ ಮನೆಯಿಂದ ಪಾಲಾದ ದಾಯಾದಿಗಳು. ಅವರ ಪಾಲಿನ ಸುಮಾರು 7,000 ಪ್ರಭೇದಗಳು ಕಡಲು ಬಿಟ್ಟು ಹೊಳೆಗೂ ಬರಲಿಲ್ಲ. ಮರಿಯಲ್ಲಿ ಎಡಬಲ ಸಮವಾಗಿದ್ದ ದೇಹ ಬೆಳೆದಾಗ ಐದು ಭಾಗವಾಯಿತು. ನಮ್ಮ ಪಾಲಿನವರು ಹೊಳೆ, ನೆಲ, ಆಕಾಶಕ್ಕೆಲ್ಲ ಹರಡಿದರು.

ನಮ್ಮ ಕರಾವಳಿಯಲ್ಲಿ ಬಲೆಗೆ ಬಿದ್ದ ನಕ್ಷತ್ರಮೀನಿಗೆ ಬೆಲೆಯಿಲ್ಲ, ಎಸೆಯುತ್ತಾರೆ. ಬೆಳೆದ ರೂಪವನ್ನಷ್ಟೇ ನೋಡಿದ್ದರೆ ವಿಜ್ಞಾನವೂ ಅದನ್ನು ದೂರವೇ ಇಡುತ್ತಿತ್ತು. ಮರಿಯನ್ನು ನೋಡುವ ತಾಳ್ಮೆ ಇದ್ದುದರಿಂದ ನಂಟು ತಿಳಿಯಿತು.