ಲಂಡನ್ ನಗರದ ಒಂದು ಇತಿಹಾಸಪೀಠ

ಇತಿಹಾಸವನ್ನು ಬೋಧಿಸುವವನು ಯಾರ ಅನ್ನವನ್ನುಣ್ಣುವನೋ ಅವರ ಪಕ್ಷವನ್ನೇ ಹಿಡಿಯತಕ್ಕದ್ದೇ? ವ್ಯಾಕರಣವನ್ನು ಹೇಳಿಕೊಡುವವರಿಗೆ ಈ ಸಂಕಟವಿಲ್ಲ. ಪಾಣಿನಿಯ ಸೂತ್ರವು ಯಾವ ಅರಸನ ಕಾಲದಲ್ಲಿಯೂ ಒಂದೇ ಅರ್ಥವನ್ನು ಕೊಡುವುದು. ಆದರೆ ಮೊನ್ನೆ ಮೊನ್ನೆ ನಡೆದ ಯುದ್ಧವನ್ನೂ ಸಂಧಿಯನ್ನೂ ವಿದ್ಯಾರ್ಥಿಗಳಿಗೆ ವಿವರಿಸತಕ್ಕವನ ಸ್ಥಿತಿಯು ಹಾಗಲ್ಲ. ಎದುರಿಗೆ ಕುಳಿತವರಲ್ಲಿ ಗೆದ್ದವರ ಮಕ್ಕಳೂ ಸೋತವರ ಮಕ್ಕಳೂ ಇರಬಹುದು; ಪೀಠಕ್ಕೆ ಧನವನ್ನಿತ್ತವರು ಹೊರಗೆ ಕಿವಿಗೊಟ್ಟು ನಿಂತಿರಬಹುದು. ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ಇತಿಹಾಸಕ್ಕೆಂದೇ ಏರ್ಪಟ್ಟ ಪೀಠದ ವೃತ್ತಾಂತವು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಮೊದಲು ಅದೇ ನಗರದ ಮತ್ತೊಂದು ಪೀಠದ ಮಾತನ್ನು ಹೇಳಬೇಕು. ಅಲ್ಲಿಯ ಕಿಂಗ್ಸ್ ಕಾಲೇಜಿನಲ್ಲಿ ಗ್ರೀಕ್ ಪಂಡಿತ ಕೊರಾಯಿಸನ ಹೆಸರಿನಿಂದ ಅರ್ವಾಚೀನ ಗ್ರೀಕರ ಇತಿಹಾಸ ಮತ್ತು ಭಾಷೆಗಳಿಗಾಗಿ ಒಂದು ಪೀಠವಿದ್ದಿತು. ಅದಕ್ಕೆ ಧನವನ್ನು ಕೂಡಿಸಿದವರಲ್ಲಿ ಲಂಡನ್ನಿನ ಗ್ರೀಕ್ ವರ್ತಕರು ಮುಖ್ಯರು. ೧೯೧೯ರಲ್ಲಿ ಆರ್ನಾಲ್ಡ್ ಟಾಯ್ನ್‌ಬೀಯವರು ಅದರ ಮೊದಲ ಆಚಾರ್ಯರಾದರು. ೧೯೨೧ರಲ್ಲಿ ರಜೆಯನ್ನು ಪಡೆದು, ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಬಾತ್ಮೀದಾರರಾಗಿ, ಗ್ರೀಕರಿಗೂ ತುರ್ಕರಿಗೂ ಯುದ್ಧ ನಡೆಯುತ್ತಿದ್ದ ಏಷ್ಯಾಮೈನರ್ ಪ್ರಾಂತಕ್ಕೆ ಹೋದರು. ಅಲ್ಲಿ ಗ್ರೀಕರ ಕಡೆಯವರಿಂದ ಮುಸಲ್ಮಾನರ ಹಳ್ಳಿಗಳಿಗೆ ಒದಗಿದ ಅನರ್ಥವನ್ನು ಕಣ್ಣಾರೆ ಕಂಡು, ಕಂಡದ್ದನ್ನು ಕಂಡಂತೆಯೇ ಬರೆದರು; ಮರುವರ್ಷ ಅದನ್ನು ಗ್ರಂಥರೂಪದಲ್ಲಿಯೂ ಪ್ರಕಟಿಸಿದರು. ದಾನಿಗಳು ಕೆರಳಿದರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ಗಾದೆ ಅವರ ಭಾಷೆಯಲ್ಲಿಯೂ ಇದ್ದೀತು! ಅವರ ದುಃಖವು ಸುಳ್ಳಾದುದೆಂದು ನಾವು ಹೇಳಲಾರೆವು. ೧೯೨೨ರಲ್ಲಿ ಸ್ಮಿರ್ನಾ ಪಟ್ಟಣವು ಅಗ್ನಿಗೆ ಆಹುತಿಯಾಗಿ, ಅವರ ಜನಾಂಗದವರು ಉಟ್ಟ ಬಟ್ಟೆಯಲ್ಲಿ ಸಮುದ್ರತೀರಕ್ಕೆ ಓಡಿದ್ದರು. ಅಂಥ ಸಮಯದಲ್ಲಿ ತಾವು ಸಾಕಿದ ಆಚಾರ್ಯನೇ ಪ್ರತಿಪಕ್ಷದ ಸಾಕ್ಷಿಯಾಗಿ ನಿಂತುದನ್ನು ಸಹಿಸುವುದು ಕಷ್ಟವೇ ಸರಿ. ಆದರೂ ಟಾಯ್ನ್‌ಬೀಯವರು ಬರೆದುದನ್ನು ಹಿಂತೆಗೆದುಕೊಳ್ಳಲಿಲ್ಲ; ೧೯೨೪ರಲ್ಲಿ ಪೀಠವನ್ನು ಬಿಟ್ಟರು.

ಇದೇ ಕಾಲದಲ್ಲಿ ಗ್ಲಾಸ್ಗೋ ನಗರದ ಕಲ್ಲಿದ್ದಲಿನ ವ್ಯಾಪಾರಿ ಸರ್ ಡೇನಿಯಲ್ ಸ್ಟೀವನ್‌ಸನ್ ಎಂಬವರ ಮನಸ್ಸಿನಲ್ಲಿ ಬೇರೊಂದು ಸಂಕಲ್ಪವು ಮೂಡಿತ್ತು. ಒಂದೊಂದು ದೇಶದವರೂ ತಮ್ಮ ಮಕ್ಕಳಿಗೆ ತಮ್ಮ ವಿಜಯಗಳನ್ನೇ ಹಾಡಿ ಹೇಳುವುದರಿಂದ ಮುಂದಿನ ಯುದ್ಧಕ್ಕೆ ಬೀಜ ಬೀಳುವುದೆಂದು ಅವರ ನಂಬಿಕೆ. ಆದಕಾರಣ ಅವರು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಇತಿಹಾಸಕ್ಕಾಗಿ ದತ್ತಿಯನ್ನಿಟ್ಟು, ಸಾಧ್ಯವಾದಮಟ್ಟಿಗೆ ಸ್ವದೇಶಾಭಿಮಾನದ ಪಕ್ಷಪಾತವಿಲ್ಲದೆ ಪಾಠ ಹೇಳತಕ್ಕದ್ದೆಂದು ನಿಬಂಧನೆ ಮಾಡಿದರು. ಗ್ರೀಕರ ಪೀಠವನ್ನು ಬಿಟ್ಟುಬಂದ ಟಾಯ್ನ್‌ಬೀಯವರಿಗೇ ಈ ಪೀಠವು ದೊರೆಯಿತು. ಆದರೆ ಅವರ ಕಾಲವೆಲ್ಲವೂ ಚಾಥಮ್ ಹೌಸ್ ಸಂಸ್ಥೆಯಲ್ಲಿ ವರ್ಷವರ್ಷದ ಲೋಕವೃತ್ತಾಂತವನ್ನು ಸಂಪಾದಿಸುವುದರಲ್ಲಿ ಕಳೆಯುತ್ತಿದ್ದಿತು. ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳುವ ಆಚಾರ್ಯರು ಬಂದುದು ೧೯೩೨ರಲ್ಲಿ. ಆಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಚಾರ್ಲ್ಸ್ ವೆಬ್‌ಸ್ಟರ್ ಅವರು ಸ್ಟೀವನ್‌ಸನ್ ಪೀಠವನ್ನೇರಿ, ೧೯೫೩ರವರೆಗೆ ಅಲ್ಲಿದ್ದರು. ಅವರ ತರುವಾಯ ಮೆಡ್ಲಿಕಾಟ್, ಜೋಲ್, ವಾಟ್ ಮೊದಲಾದವರು ಬಂದರು.

ಈ ವಿದ್ಯೆಯ ಕ್ರಮವು ನಮ್ಮ ಪಾಠಶಾಲೆಗಳಲ್ಲಿ ಬೆಳೆದವರಿಗೆ ಅಪರಿಚಿತವಲ್ಲ. ಒಂದು ಸಂಧಾನವನ್ನು ತಿಳಿಯಬೇಕಾದರೆ ಅದರಲ್ಲಿ ಸೇರಿದ ಎಲ್ಲ ಸರಕಾರಗಳ ಕಡತಗಳನ್ನೂ ಓದಬೇಕೆಂಬುದು ಅದರ ಮೂಲಸೂತ್ರ. ರಾಯಭಾರಿಯು ಮಂತ್ರಿಯೊಡನೆ ಅರ್ಧ ಗಂಟೆ ಮಾತನಾಡಿ ಮನೆಗೆ ಬಂದು ತನ್ನ ದೊರೆಗೆ ಒಂದು ವರದಿಯನ್ನು ಬರೆಯುವನು. ಆ ಮಂತ್ರಿಯು ತನ್ನ ಕಚೇರಿಯಲ್ಲಿ ಅದೇ ಸಂಭಾಷಣೆಗೆ ಬೇರೊಂದು ಟಿಪ್ಪಣಿಯನ್ನು ಬರೆದಿಡುವನು. ಎರಡನ್ನೂ ಜೋಡಿಸಿದರೆ ಒಂದೇ ಮಾತು ಎರಡು ಬಣ್ಣವನ್ನು ತಳೆದಿರುವುದು ಕಾಣುವುದು. ಪೂರ್ವಪಕ್ಷವನ್ನು ಪ್ರತಿವಾದಿಗಿಂತಲೂ ಸಮರ್ಥವಾಗಿ ಮಂಡಿಸಲಾರದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲವೆಂದು ನಮ್ಮ ಗುರುಗಳು ಗದರಿಸುತ್ತಿದ್ದರಷ್ಟೆ. ಅಲ್ಲಿಯ ನಿಯಮವೂ ಅದೇ. ವಿದ್ಯಾರ್ಥಿಯು ತನ್ನ ಪ್ರಬಂಧವನ್ನು ಓದುವನು, ಸಹಪಾಠಿಗಳು ಆಕ್ಷೇಪಿಸುವರು, ಉತ್ತರವು ದಾಖಲೆಯಿಂದಲೇ ಬರತಕ್ಕದ್ದು.

ಆ ಶಾಲೆಯಿರುವ ಹೌಟನ್ ಬೀದಿಯಿಂದ ಚಾನ್ಸರಿ ಲೇನ್‌ನಲ್ಲಿದ್ದ ಸರಕಾರಿ ದಾಖಲೆಗಳ ಮನೆಗೆ ಸ್ವಲ್ಪ ಹೊತ್ತಿನ ನಡಿಗೆ. ಅಲ್ಲಿಯ ಕಾಗದಗಳಲ್ಲಿ ಪತ್ರಕ್ಕಿಂತಲೂ ಅದರ ಮೇಲಿನ ಷರಾಗಳೇ ಹೆಚ್ಚು ಸ್ವಾರಸ್ಯಕರ. ಕೆಳಗಿನ ಗುಮಾಸ್ತೆಯು ಮೊದಲು ತನ್ನ ಅಭಿಪ್ರಾಯವನ್ನು ಬರೆಯುವನು. ಕಾಗದವು ಮೇಲೇರಿದಂತೆ ಒಬ್ಬೊಬ್ಬ ಅಧಿಕಾರಿಯೂ ಒಂದೊಂದು ಸಾಲನ್ನು ಕೂಡಿಸುವನು. ಕಡೆಗೆ ವಿದೇಶಾಂಗ ಮಂತ್ರಿಯು ಕೆಂಪು ಶಾಯಿಯಲ್ಲಿ ಬರೆಯುವನು. ತಾಳೆಗರಿಯ ಅಂಚಿನಲ್ಲಿ ಟೀಕೆಯನ್ನು ಓದಿ ಬಲ್ಲವರಿಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ. ಆದರೆ ಕದವು ತೆರೆಯುವ ಕಾಲವು ಸರಕಾರದ ಕೈಯಲ್ಲಿದೆ. ೧೯೫೮ರ ಕಾಯಿದೆಯು ಐವತ್ತು ವರ್ಷಗಳ ಅವಧಿಯನ್ನು ವಿಧಿಸಿತು; ೧೯೬೭ರಲ್ಲಿ ಅದು ಮೂವತ್ತಕ್ಕೆ ಇಳಿಯಿತು; ೨೦೧೩ರಿಂದ ಕ್ರಮೇಣ ಇಪ್ಪತ್ತಕ್ಕೆ ತರಲಾಯಿತು. ತರುಣನು ಯಾವ ವಿಷಯವನ್ನು ಕುರಿತು ಪ್ರಬಂಧವನ್ನು ಬರೆಯಬಹುದೆಂಬುದನ್ನು ಗುರುವಿಗಿಂತ ಮೊದಲು ಕಾಯಿದೆಯೇ ನಿರ್ಣಯಿಸುವುದು ವಿಚಿತ್ರವಲ್ಲವೇ!

ವೆಬ್‌ಸ್ಟರ್ ಅವರ ವಿಷಯದಲ್ಲಿ ನಮಗೊಂದು ಶಂಕೆಯುಂಟು. ೧೯೧೫ರ ಹೊತ್ತಿಗೆ ನೂರು ವರ್ಷ ತುಂಬಿದ್ದ ವಿಯೆನ್ನಾ ಸಮ್ಮೇಳನವನ್ನು ಕುರಿತು ಅವರು ಗ್ರಂಥವನ್ನು ಬರೆದುದು ಸರಕಾರದ ಅಪೇಕ್ಷೆಯಂತೆ. ಪ್ಯಾರಿಸ್ಸಿನಲ್ಲಿ ಸಂಧಿ ಮಾಡಹೊರಟವರಿಗೆ ಹಿಂದಿನವರ ಅನುಭವವು ದೊರೆಯಲೆಂದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಡಂಬಾರ್ಟನ್ ಓಕ್ಸ್‌ಗೂ, ೧೯೪೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಹೋಗಿ, ವಿಶ್ವಸಂಸ್ಥೆಯ ಸನ್ನದನ್ನು ರಚಿಸುವ ಕಾರ್ಯದಲ್ಲಿ ಬ್ರಿಟಿಷರ ಪರವಾಗಿ ದುಡಿದರು. ಹೀಗೆ ರಾಜಸೇವೆ ಮಾಡಿದವರು ರಾಜಕಾರ್ಯವನ್ನು ತೂಗಿ ನೋಡಬಲ್ಲರೇ? ಸ್ಟೀವನ್‌ಸನ್ನರ ನಿಬಂಧನೆಯು ಇಲ್ಲಿ ಸಡಿಲವಾಗಲಿಲ್ಲವೇ?

ಉತ್ತರವು ಅವರ ಕಡೆಯ ಗ್ರಂಥದಲ್ಲಿದೆಯೆಂದು ನಮ್ಮ ಮತ. ಯುದ್ಧಕಾಲದಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಪಟ್ಟಣಗಳ ಮೇಲೆ ನಡೆಯಿಸಿದ ಬಾಂಬಿನ ದಾಳಿಯ ಇತಿಹಾಸವನ್ನು ಬರೆಯಲು ಸರಕಾರವು ಅವರನ್ನೂ ನೋಬಲ್ ಫ್ರಾಂಕ್‌ಲೆಂಡ್ ಅವರನ್ನೂ ನೇಮಿಸಿತ್ತು. ಫ್ರಾಂಕ್‌ಲೆಂಡರು ಅದೇ ಬಾಂಬರ್ ವಿಮಾನಗಳಲ್ಲಿ ದಾರಿ ತೋರಿಸುವವರಾಗಿ ಹಾರಿ ಜೀವಸಹಿತ ಮರಳಿದವರು. ಅವರ ಪಡೆಯಲ್ಲಿ ಮರಳದಿದ್ದವರು ೫೫,೦೦೦ಕ್ಕೂ ಹೆಚ್ಚು. ಆ ಮನೆಗಳ ತಂದೆತಾಯಿಗಳು ಇನ್ನೂ ಬದುಕಿದ್ದಾಗಲೇ ಇವರಿಬ್ಬರು, ಯುದ್ಧದ ಕಡೆಯ ಘಟ್ಟದವರೆಗೆ ಆ ದಾಳಿಗಳಿಂದ ಸಿಕ್ಕಿದ ಫಲವು ಸೇನಾಧಿಪತಿಗಳು ಸಾರಿದುದಕ್ಕಿಂತ ಬಹಳ ಕಡಿಮೆಯೆಂದು ದಾಖಲೆಗಳ ಬಲದಿಂದ ಬರೆದರು. ನಾಲ್ಕು ಸಂಪುಟಗಳು ೧೯೬೧ರ ಅಕ್ಟೋಬರಿನಲ್ಲಿ ಪ್ರಕಟವಾದುವು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು, ಸತ್ತ ವೀರರಿಗೆ ಅಪಮಾನವಾಯಿತೆಂದು ಕೂಗಿದರು. ವೆಬ್‌ಸ್ಟರ್ ಅವರು ಆಗಸ್ಟ್ ತಿಂಗಳಲ್ಲಿಯೇ ತೀರಿಕೊಂಡಿದ್ದುದರಿಂದ, ಉತ್ತರ ಹೇಳುವ ಭಾರವು ಆ ವಿಮಾನಗಳಲ್ಲಿ ಹಾರಿಬಂದಿದ್ದ ಫ್ರಾಂಕ್‌ಲೆಂಡರ ಮೇಲೆಯೇ ಬಿದ್ದಿತು.