ಲೆಕ್ಕದ ರಾಯರು ಬರುವ ಸಂಜೆ



ಕಳೆದ ತಿಂಗಳು ಠಾಣೆಯಿಂದ ಫೋನ್ ಮಾಡಿದ ಕೇಳುಗರೊಬ್ಬರು ತಮ್ಮ ಹಾಡಿನ ಕೋರಿಕೆ ಹೇಳಿ ಮುಗಿಸಿದ ಮೇಲೂ ಫೋನ್ ಇಡಲಿಲ್ಲ. ಅವರದು ನಾಲ್ಕು ಜನ ಕೆಲಸ ಮಾಡುವ ಪುಟ್ಟ ಪ್ರಿಂಟಿಂಗ್ ಪ್ರೆಸ್ಸು. "ಲೆಕ್ಕ ಬರೆಯೋ ಕೆಲಸಾನ ಹೊರಗಡೆ ಕೊಟ್ಟುಬಿಡೋಣ ಅಂತಿದ್ದೀನಿ ಮೇಡಂ. ಕೊಡಬಹುದಾ? ನಮ್ಮ ತಂದೆಯವರ ಕಾಲದಲ್ಲಿ ಹೀಗೆಲ್ಲಾ ಇರಲಿಲ್ಲ" ಎಂದರು. ಕನ್ನಡ ಬಿ.ಎ. ಓದಿದವಳನ್ನು ಡೆಬಿಟ್ಟು ಕ್ರೆಡಿಟ್ಟಿನ ಬಗ್ಗೆ ಕೇಳಿದರೆ ಏನು ಹೇಳಲಿ? ನಕ್ಕು, ಹಾಡು ಹಾಕಿದೆ. ಆದರೆ ಅವರ ಕೊನೆಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ತಂದೆಯವರ ಕಾಲದಲ್ಲಿ ಇರಲಿಲ್ಲವೇ? ಇತ್ತು. ತಾತನ ಕಾಲದಲ್ಲೂ ಇತ್ತು. ಹೆಸರು ಬೇರೆ ಇತ್ತು, ಅಷ್ಟೇ.

ನಮ್ಮ ಹಳ್ಳಿಗಳ ಶಾನುಭೋಗರನ್ನೇ ನೋಡಿ. ಊರಿನ ಹೊಲ, ಕಂದಾಯ, ಬಾಕಿ ಎಲ್ಲವೂ ಒಬ್ಬರ ಕೈಬರಹದಲ್ಲಿ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಿದ್ದ. ಶಾನುಭೋಗರ ಮೇಲೆ ನಮ್ಮ ಕಥೆ ಕಾದಂಬರಿಗಳಲ್ಲಿ ಎಷ್ಟು ಗೌರವವಿದೆಯೋ ಅಷ್ಟೇ ಅನುಮಾನವೂ ಇದೆ. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಯನ್ನು ತೆಗೆದುಹಾಕಲು ಅಂದಿನ ಮೈಸೂರು ರಾಜ್ಯ 1961ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಆಮೇಲೆ ಬಂದವರು ಸಂಬಳದ ಗ್ರಾಮಲೆಕ್ಕಿಗರು.

ಈಗ ಸರ್ಕಾರಿ ಕಚೇರಿಯ ಫೈಲಿಗೆ ನಾವು 'ಕಡತ' ಎನ್ನುತ್ತೇವಲ್ಲ, ಅದು ಮೂಲದಲ್ಲಿ ಒಂದು ಬಟ್ಟೆಯ ಪುಸ್ತಕ! ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬರೆಯುವುದು ಬಳಪದಲ್ಲಿ. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ವರ್ತಕರೂ ಅಂಗಡಿಯವರೂ ಲೆಕ್ಕಕ್ಕೆ ಬಳಸುತ್ತಿದ್ದುದು ಇದನ್ನೇ. ಇದರ ಒಂದು ವಿಶೇಷವೆಂದರೆ ಬೇಕಾದರೆ ಒರೆಸಿ ಮತ್ತೆ ಬರೆಯಬಹುದು. ಈ ಒರೆಸುವ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ನಾವು ಬದುಕುತ್ತಿರುವ ಈ ಊರುಗಳಲ್ಲೂ ಹಾಗೆಯೇ. ಮುಂಬಯಿಯ ಗುಜರಾತಿ ಪೇಢಿಗೆ ಮೆಹ್ತಾಜಿ, ಮಾರವಾಡಿ ಗದ್ದಿಗೆ ಮುನೀಮ, ಮದರಾಸಿನ ಚೆಟ್ಟಿಯಾರರಿಗೆ ಕಣಕ್ಕುಪಿಳ್ಳೈ. ನಮ್ಮವರು ಗುಮಾಸ್ತ ಎಂದರು. ಮುಂಬಯಿಯಲ್ಲಿ ಅಂಗಡಿ ನೋಂದಣಿಯ ಪತ್ರಕ್ಕೆ ಇವತ್ತಿಗೂ ಬಾಯಿಮಾತಿನಲ್ಲಿ 'ಗುಮಾಸ್ತಾ ಲೈಸೆನ್ಸ್' ಎನ್ನುವುದನ್ನು ನೀವು ಕೇಳಿರುತ್ತೀರಿ. ಆದರೆ ಈ ಮುನೀಮ, ಮೆಹ್ತಾಜಿಗಳೆಲ್ಲ ಹಣವಿದ್ದ ದೊಡ್ಡ ಸಾಹುಕಾರರ ಮನೆಯವರು. ಊರು ಬಿಟ್ಟು ಬಂದು ನಾಲ್ಕು ಬೆಂಚು ಹಾಕಿ ಇಡ್ಲಿ ಮಾರುತ್ತಿದ್ದ ನಮ್ಮವರಿಗೆ ಮುನೀಮ ಎಲ್ಲಿಂದ ಬರಬೇಕು? ಗಲ್ಲಾಪೆಟ್ಟಿಗೆಯಲ್ಲಿ ಬಂದದ್ದು ಬಂತು, ಹಾಲಿನವನಿಗೆ, ಕಿರಾಣಿಯವನಿಗೆ ಕೊಟ್ಟದ್ದು ಹೋಯಿತು, ಉಳಿದದ್ದು ಊರಿಗೆ ಮನಿಯಾರ್ಡರ್. ಲೆಕ್ಕ ಮುಗಿಯಿತು!

ಈ ಸರಳ ಲೆಕ್ಕವನ್ನು ಕೆಡಿಸಿದ್ದು ತೆರಿಗೆ. ನನ್ನ ಮಟ್ಟಿಗೆ ಸಣ್ಣ ವ್ಯಾಪಾರದ ಲೆಕ್ಕ ಹೊರಗಿನವರ ಕೈಗೆ ಹೋದ ಕಥೆ ಶುರುವಾಗುವುದೇ ಇಲ್ಲಿಂದ. ಆದಾಯ ತೆರಿಗೆ 1860ರಲ್ಲೇ ಬಂದಿತ್ತು, ಆದರೆ ಅದು ಸಣ್ಣವರನ್ನು ಅಷ್ಟಾಗಿ ಮುಟ್ಟಲಿಲ್ಲ. ಮುಟ್ಟಿದ್ದು ಮಾರಾಟ ತೆರಿಗೆ. 1939ರಲ್ಲಿ ರಾಜಾಜಿಯವರ ಸರ್ಕಾರ ಮದರಾಸು ಪ್ರಾಂತದಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಿತು. ದೇಶದಲ್ಲಿ ಅದೇ ಮೊದಲು. ಆಗ ಮಂಗಳೂರು, ಉಡುಪಿ, ಕುಂದಾಪುರ ಎಲ್ಲವೂ ಮದರಾಸು ಪ್ರಾಂತದಲ್ಲೇ ಇದ್ದವು ಎನ್ನುವುದನ್ನು ಮರೆಯಬೇಡಿ. ಮುಂಬಯಿಗೆ ಈ ತೆರಿಗೆ ಬಂದದ್ದು 1946ರಲ್ಲಿ. ಎಷ್ಟು ಲಾಭ ಎಂದು ಕೇಳುವ ತೆರಿಗೆಗೆ 'ಏನೂ ಉಳಿಯಲಿಲ್ಲ ಸ್ವಾಮಿ' ಎನ್ನಬಹುದಿತ್ತು. ಎಷ್ಟು ಮಾರಿದೆ ಎಂದು ಕೇಳಿದರೆ? ಅದಕ್ಕೆ ಬಿಲ್ಲು ಬೇಕು, ಪುಸ್ತಕ ಬೇಕು, ಬರೆಯಲು ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ಸಿಕ್ಕಿದ್ದು ಎಲ್ಲಿ? ಮುಂಬಯಿಯ ಹಿರಿಯ ಕನ್ನಡಿಗರನ್ನು ಕೇಳಿದರೆ ಮೊದಲು ಹೇಳುವುದು ರಾತ್ರಿ ಶಾಲೆ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ ಹುಡುಗರು ಸಂಜೆ ಕನ್ನಡ ಮಾಧ್ಯಮದ ರಾತ್ರಿ ಶಾಲೆಗೆ ಹೋದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಂಥ ಶಾಲೆಗಳನ್ನು ದಶಕಗಟ್ಟಲೆ ನಡೆಸಿದವು. ಅಲ್ಲಿಂದ ಬೆಳಗಿನ ಕಾಲೇಜು, ಬಿ.ಕಾಂ., ಯಾವುದೋ ಆಡಿಟರ ಆಫೀಸಿನಲ್ಲೋ ಮಿಲ್ಲಿನಲ್ಲೋ ಗುಮಾಸ್ತಗಿರಿ. ಹಗಲು ಆಫೀಸು, ಸಂಜೆ ಏಳರ ಮೇಲೆ ಊರಿನವರ ಹೋಟೆಲುಗಳ ಲೆಕ್ಕ. ಮಾಟುಂಗದಲ್ಲಿ ಎರಡು, ವಡಾಲದಲ್ಲಿ ಒಂದು, ದಾದರಿನಲ್ಲಿ ಮತ್ತೊಂದು. ಈಗ 'ಔಟ್‌ಸೋರ್ಸಿಂಗ್' ಎಂದು ಸೂಟು ಹಾಕಿಕೊಂಡು ಹೇಳುತ್ತಾರಲ್ಲ, ಅದನ್ನು ನಮ್ಮವರು 'ಪಾರ್ಟ್‌ಟೈಮ್' ಎಂದರು. ಫೀಸಿನ ಜೊತೆಗೆ ರಾತ್ರಿಯ ಊಟವೂ ಸೇರಿರುತ್ತಿತ್ತು.

1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಹುಟ್ಟಿತು. ಕಾಕತಾಳೀಯ ನೋಡಿ, ಅದೇ ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆನ್ರಿ ಟಾಬ್ ಎಂಬ ಯುವಕ ಬೇರೆ ಕಂಪನಿಗಳ ಸಂಬಳದ ಪಟ್ಟಿ ಮಾಡಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡ. ಅದೇ ಬೆಳೆದು ಎಡಿಪಿ ಎಂಬ ದೈತ್ಯ ಸಂಸ್ಥೆಯಾಯಿತು. ನಮ್ಮ ರಾಯರುಗಳು ದೈತ್ಯರಾಗಲಿಲ್ಲ. ಕೈಚೀಲ ಹಿಡಿದು ಲೋಕಲ್ ಟ್ರೇನಿನಲ್ಲೇ ಉಳಿದರು.

ಕಾಯ್ದೆ ಮಾತ್ರ ಬಿಗಿಯಾಗುತ್ತಾ ಹೋಯಿತು. 1976ರಿಂದ ಒಂದು ಮಿತಿ ದಾಟಿದ ವ್ಯಾಪಾರಿ ಲೆಕ್ಕದ ಪುಸ್ತಕ ಇಡಲೇಬೇಕಾಯಿತು. 1984ರ ಬಜೆಟ್ಟಿನಲ್ಲಿ ವಹಿವಾಟು 40 ಲಕ್ಷ ರೂಪಾಯಿ ಮೀರಿದವರಿಗೆ ಕಡ್ಡಾಯ ಆಡಿಟ್ ಬಂತು. ಆದರೆ ಹಳಬರು ಇಂದಿಗೂ ಹೇಳುವುದು 1989ರ ಬದಲಾವಣೆಯ ಬಗ್ಗೆ. ಅಲ್ಲಿಯವರೆಗೆ ಯಾವ ತಿಂಗಳಿಂದ ವರ್ಷ ಎಣಿಸಬೇಕು ಎಂಬುದು ವ್ಯಾಪಾರಿಯ ಇಷ್ಟ. ದೀಪಾವಳಿಯಿಂದ ದೀಪಾವಳಿಗೆ ಕೆಲವರು, ಯುಗಾದಿಯಿಂದ ಯುಗಾದಿಗೆ ಕೆಲವರು, ಕ್ಯಾಲೆಂಡರ್ ವರ್ಷ ಕೆಲವರು. 1989ರಿಂದ ಆದಾಯ ತೆರಿಗೆಯ ಮಟ್ಟಿಗೆ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31 ಎಂದಾಯಿತು. ವರ್ಷವಿಡೀ ಹಂಚಿಹೋಗಿದ್ದ ಕೆಲಸವೆಲ್ಲ ಒಂದೇ ಸಲ ರಾಯರ ತಲೆಯ ಮೇಲೆ ಬಿತ್ತು. ಮುಂಬಯಿಯ ಪೇಟೆಯಲ್ಲಿ ದೀಪಾವಳಿಗೆ ಚೋಪ್ಡಾ ಪೂಜೆ ಈಗಲೂ ನಡೆಯುತ್ತದೆ, ಕೆಂಪು ವಹಿಗೆ ಕುಂಕುಮ ಹಚ್ಚುತ್ತಾರೆ. ಆದರೆ ನಿಜವಾದ ಹೊಸ ಪುಟ ತೆರೆಯುವುದು ಏಪ್ರಿಲ್‌ನಲ್ಲಿ, ಯಾವ ದೇವರ ಪೂಜೆಯೂ ಇಲ್ಲದೆ.

ಇಷ್ಟರಲ್ಲಿ ಬೆಂಗಳೂರಿನಲ್ಲಿ ಒಂದು ಕೆಲಸ ಆಗಿತ್ತು. ಜವಳಿ ಮಿಲ್ಲುಗಳಿಗೂ ಕಾರ್ಖಾನೆಗಳಿಗೂ ಬಿಡಿಭಾಗ, ಕಚ್ಚಾಮಾಲು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ 'ನೀನೇ ಒಂದು ಮಾಡು' ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಕಂಪನಿಯದೇ ನಮಗೆಲ್ಲ ಗೊತ್ತಿರುವ ಟ್ಯಾಲಿ. ಬೇರೆ ಪ್ರೋಗ್ರಾಮುಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ನಂಬರು ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಬೇಡ, ಹೆಸರು ಹಾಕಿದರೆ ಸಾಕು. ಹಾಲಿನವನ ಖಾತೆ ಹಾಲಿನವನ ಹೆಸರಿನಲ್ಲೇ. ಕಂಪ್ಯೂಟರ್ ಕಂಡರೆ ಹೆದರುತ್ತಿದ್ದ ರಾಯರುಗಳೂ ಕಲಿತರು. 'ಟ್ಯಾಲಿ ಕ್ಲಾಸ್' ಬೋರ್ಡು ಇಲ್ಲದ ಉಪನಗರವೇ ಇಲ್ಲ ಎನ್ನುವ ಹಾಗಾಯಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂದಾಗ ಅದು ಪೇಪರಿನಲ್ಲಿ ಸಣ್ಣ ಸುದ್ದಿಯಾಗಿ ಹೋಯಿತು. ಸಿನಿಮಾದವರಿಗೆ ಬಂದಿದ್ದರೆ ನಾವೇ ಒಂದು ಗಂಟೆ ವಿಶೇಷ ಕಾರ್ಯಕ್ರಮ ಮಾಡುತ್ತಿದ್ದೆವು, ಒಪ್ಪಿಕೊಳ್ಳುತ್ತೇನೆ.

ಅದೇ ಬೆಂಗಳೂರು ಅಮೆರಿಕದವರ ಲೆಕ್ಕವನ್ನೂ ಬರೆಯತೊಡಗಿತು. ಥಾಮಸ್ ಫ್ರೀಡ್‌ಮನ್ 2005ರ ತಮ್ಮ ಪುಸ್ತಕದಲ್ಲಿ ಕೊಟ್ಟ ಅಂಕಿಯಂತೆ ಭಾರತದಲ್ಲಿ ತಯಾರಾದ ಅಮೆರಿಕನ್ನರ ತೆರಿಗೆ ರಿಟರ್ನುಗಳು 2003ರಲ್ಲಿ ಸುಮಾರು 25,000, ಮರುವರ್ಷ ಒಂದು ಲಕ್ಷ. ಯಾವುದೋ ದೇಶದ ದಂತವೈದ್ಯರ ಲೆಕ್ಕ ಇಲ್ಲಿ ಅಚ್ಚುಕಟ್ಟಾಗಿ ಕಂಪ್ಯೂಟರಿನಲ್ಲಿ. ನಮ್ಮ ಮಾವನ ಲೆಕ್ಕ ಮಾತ್ರ ಬಟ್ಟೆಚೀಲದಲ್ಲಿ.

ಮಾವನ ವಿಷಯ ಹೇಳಿಯೇಬಿಡುತ್ತೇನೆ. ಅಮ್ಮನ ಅಣ್ಣ, ಅಂಧೇರಿಯಲ್ಲಿ ಸಣ್ಣ ಕ್ಯಾಂಟೀನು. ಮಂಗಳವಾರ, ಶುಕ್ರವಾರ ಸಂಜೆ ಲೆಕ್ಕದ ರಾಯರು ಬರುತ್ತಿದ್ದರು. ರಜೆಗೆ ಹೋದಾಗ ನನಗೆ ಪೆಪ್ಪರಮೆಂಟು ಕೊಡುತ್ತಿದ್ದವರು. ಮಾವ ಬಿಲ್ಲುಗಳ ಚೀಲ, ತೆರಿಗೆ ಕಟ್ಟಲು ದುಡ್ಡು ಎರಡನ್ನೂ ಅವರ ಕೈಗೆ ಕೊಟ್ಟು, ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಹೆಬ್ಬೆಟ್ಟಿನ ರೈತನಿಗೂ ಅವರಿಗೂ ಇದ್ದ ವ್ಯತ್ಯಾಸ ಅಷ್ಟೇ. 2003ರಲ್ಲಿ ಮಾರಾಟ ತೆರಿಗೆಯ ನೋಟೀಸು ಬಂತು. ಮೂರು ತ್ರೈಮಾಸಿಕದ ರಿಟರ್ನೂ ಇಲ್ಲ, ಹಣವೂ ಇಲ್ಲ. ರಾಯರ ಮನೆಗೆ ಹೋದರೆ ಬೀಗ. "ನಾನು ಕೊಟ್ಟಿದ್ದೇನಲ್ಲ ಸಾರ್" ಎಂದು ಮಾವ ಅಧಿಕಾರಿಯ ಮುಂದೆ ಹೇಳಿದರಂತೆ. ಅವರು ಕೇಳಿದ್ದು ಒಂದೇ: ಚಲನ್ ಎಲ್ಲಿ? ಕಾಯ್ದೆಯ ಕಣ್ಣಿಗೆ ರಾಯರು ಎಂಬ ಮನುಷ್ಯ ಇರಲೇ ಇಲ್ಲ. ನೋಂದಣಿ ಮಾವನ ಹೆಸರಿನಲ್ಲಿ, ಬಾಕಿಯೂ ಅವರದೇ. ಅತ್ತೆಯ ಎರಡು ಬಳೆ ಹೋದವು. ತೆರಿಗೆ, ಬಡ್ಡಿ, ದಂಡ ಎಲ್ಲ ಕಟ್ಟಿದರು. ಆದರೂ ರಾಯರನ್ನು ಕಳ್ಳ ಎನ್ನಲು ಮಾವ ಒಪ್ಪಲಿಲ್ಲ. "ಅವರಿಗೆ ಏನು ಕಷ್ಟ ಇತ್ತೋ ಮಾರಾಯ್ತಿ, ಹದಿನಾಲ್ಕು ವರ್ಷ ನಮ್ಮಲ್ಲೇ ಊಟ ಮಾಡಿದವರು" ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆಗೆ ಬಳೆಯದೇ ಚಿಂತೆ. ನಾನು ಅತ್ತೆಯ ಪಕ್ಷ.

ಇದು ಸಣ್ಣವರ ಕಥೆ ಮಾತ್ರ ಎಂದುಕೊಳ್ಳಬೇಡಿ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ರಾಮಲಿಂಗ ರಾಜು ತಮ್ಮ ಪುಸ್ತಕದಲ್ಲಿದ್ದ ಸುಮಾರು 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಪತ್ರ ಬರೆದಾಗ, ಹೊರಗಿನ ಆಡಿಟರುಗಳು ವರ್ಷಗಳ ಕಾಲ ಸಹಿ ಹಾಕಿದ್ದರು. ಮಾವನ ಚೀಲದಲ್ಲಿ ದುಡ್ಡು ನಿಜವಾಗಿತ್ತು, ಚಲನ್ ಇರಲಿಲ್ಲ. ಅಲ್ಲಿ ಕಾಗದಗಳಿದ್ದವು, ದುಡ್ಡೇ ಇರಲಿಲ್ಲ.

ಒರೆಸುವ ವಿಷಯ ಹೇಳುತ್ತೇನೆ ಎಂದಿದ್ದೆನಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆಯೂ ಉಳಿಯಬೇಕು, ಅದನ್ನು ನಿಲ್ಲಿಸುವಂತಿರಬಾರದು ಎಂಬ ನಿಯಮ ಬಂತು. ಬಳಪ ಒರೆಸಿದರೂ ಗುರುತು ಉಳಿಯುವ ಕಡತ ಅನ್ನಿ. ಆದರೆ ಇದು ಕಂಪನಿಗಳಿಗೆ. ಒಬ್ಬರದೇ ಮಾಲೀಕತ್ವದ ಕ್ಯಾಂಟೀನಿಗೂ ಪ್ರೆಸ್ಸಿಗೂ ಅನ್ವಯಿಸಲಿಲ್ಲ. ಅವರನ್ನು ನಿಜವಾಗಿ ಹಿಡಿದದ್ದು 2017ರ ಜುಲೈ 1ರಂದು ಬಂದ ಜಿಎಸ್‌ಟಿ. ಮಾರಿದವನ ಲೆಕ್ಕವೂ ಕೊಂಡವನ ಲೆಕ್ಕವೂ ಒಂದೇ ಜಾಲತಾಣದಲ್ಲಿ ತಾಳೆಯಾಗಬೇಕು. ವರ್ಷದ ಕೊನೆಗೆ ಚೀಲ ಬಿಚ್ಚುವ ಪದ್ಧತಿ ನಡೆಯದಾಯಿತು. ನಿಮ್ಮ ರಿಟರ್ನು ತಪ್ಪಿದರೆ ನಿಮ್ಮ ಗಿರಾಕಿಯ ತೆರಿಗೆ ಹಣ ಸಿಕ್ಕಿಕೊಳ್ಳುತ್ತದೆ, ಅವನೇ ಫೋನ್ ಮಾಡಿ ಬೈಯುತ್ತಾನೆ. ಹಾಗಾಗಿ ಲೆಕ್ಕ ಹೊರಗೆ ಕೊಡುವವರು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ.

ಪ್ರೆಸ್ಸಿನ ಕೇಳುಗರಿಗೆ ನಾನು ಆಮೇಲೆ ಫೋನ್ ಮಾಡಿ ಮಾವನ ನಂಬರು ಕೊಟ್ಟೆ. ಏಕೆಂದರೆ ಆ ಏಟು ತಿಂದ ಮೇಲೂ ಮಾವ ಲೆಕ್ಕವನ್ನು ಹೊರಗೇ ಕೊಡುತ್ತಿದ್ದಾರೆ. ಈಗ ಅಂಬರನಾಥದ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಕೂತು ಹದಿನಾರು ಅಂಗಡಿಗಳ ಲೆಕ್ಕ ನೋಡುತ್ತಾಳೆ. ಬಿಲ್ಲುಗಳ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ. ತೆರಿಗೆಯ ಹಣ ಮಾವನ ಖಾತೆಯಿಂದಲೇ ನೇರವಾಗಿ. ಗಲ್ಲಾದ ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು ಒಂದಿದೆ, ರಾತ್ರಿ ಬಾಗಿಲು ಹಾಕುವ ಮೊದಲು ಅದರಲ್ಲಿ ಎರಡು ಸಾಲು ಬರೆಯುತ್ತಾರೆ. ತಿಂಗಳಿಗೊಮ್ಮೆ ರಿಟರ್ನು ಹಾಕುವಾಗ ಮಾವನ ಮೊಬೈಲಿಗೆ ಒಟಿಪಿ ಬರುತ್ತದೆ. ಅವಳು ಫೋನ್ ಮಾಡಿ, "ಅಂಕಲ್, ನಂಬರ್ ಹೇಳಿ" ಎನ್ನುತ್ತಾಳೆ. ಮಾವ ನೋಟ್‌ಬುಕ್ಕು ತೆರೆದು, ಕನ್ನಡಕ ಹಾಕಿಕೊಂಡು, "ಮೊದಲು ನೀನು ಹೇಳು ಮಗಾ, ಯಾವ ತಿಂಗಳಿಂದು, ಎಷ್ಟು ಬರೆದಿದ್ದೀ?" ಎಂದು ಕೇಳುತ್ತಾರೆ.