ಕುಂಬಳಕಾಯಿಯ ರಕ್ತ



ಕಳೆದ ಅಕ್ಟೋಬರ್ 31ರಂದು ದೇವನಹಳ್ಳಿಯ ಬಳಿ ಅಪಾರ್ಟ್‌ಮೆಂಟಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಕ್ಕಳೆಲ್ಲ ಹ್ಯಾಲೋವೀನ್ ಆಚರಣೆಯ ಸಡಗರದಲ್ಲಿದ್ದರು. ಸಿಹಿಗುಂಬಳವೊಂದಕ್ಕೆ ಕಣ್ಣು, ಹಲ್ಲು ಕೊರೆದು ಒಳಗೆ ದೀಪವಿಟ್ಟಿದ್ದರು. ದೆವ್ವದ ವೇಷಕ್ಕೆ ಸಿದ್ಧಳಾಗುತ್ತಿದ್ದ ಮೊಮ್ಮಗಳು, "ತಾತ, ಬಟ್ಟೆಗೆ ಹಚ್ಚೋಕೆ ರಕ್ತ ಬೇಕು" ಎಂದಳು. ಅಡುಗೆಮನೆಯಿಂದ ಒಂದಿಷ್ಟು ಅರಿಶಿನವನ್ನೂ ಅವಳಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಚಿಟಿಕೆ ಸುಣ್ಣವನ್ನೂ ತಂದು ನೀರಿನಲ್ಲಿ ಕದಡಿದೆ. ಹಳದಿ ನೀರು ಕೆಂಪಾಯಿತು. ಮಗು ಬೆರಗಾಗಿ ನೋಡಿತು. "ಇದೇನೂ ಹೊಸದಲ್ಲ ಕಣಮ್ಮಾ, ನಿನ್ನ ನಾಮಕರಣದ ದಿನ ನಿನಗೆ ಎತ್ತಿದ ಆರತಿಯ ನೀರು ಇದೇ" ಎಂದೆ. ಆ ಸಂಜೆಯ ಯೋಚನೆಗಳನ್ನು ಇಲ್ಲಿ ಬರೆದಿದ್ದೇನೆ.

ಹ್ಯಾಲೋವೀನಿನ ಬೇರು ಐರ್ಲೆಂಡಿನ ಪ್ರಾಚೀನ ಸುಗ್ಗಿಯ ಕೊನೆಯ ಹಬ್ಬದಲ್ಲಿದೆ. ಅಲ್ಲಿಯವರು ಟರ್ನಿಪ್ ಗೆಡ್ಡೆಯನ್ನು ಕೊರೆದು ವಿಕಾರ ಮುಖ ಮಾಡಿ ದೀಪವಿಡುತ್ತಿದ್ದರು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂದಾಗ ಲಕ್ಷಾಂತರ ಜನ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ಕೊರೆಯಲು ಸುಲಭವಾದ ದೊಡ್ಡ ಕುಂಬಳ ಗೆಡ್ಡೆಯ ಜಾಗವನ್ನು ಹಿಡಿಯಿತು. ನಮ್ಮ ಹುಳಿಯಲ್ಲಿ ಬೇಯುವ ಸಿಹಿಗುಂಬಳದ ತವರೂ ಅಮೆರಿಕವೇ. 1492ರಲ್ಲಿ ಕೊಲಂಬಸ್ ಅತ್ತ ಹೋದ ಮೇಲಷ್ಟೇ ಅದು ನಮ್ಮ ಹಿತ್ತಲಿಗೆ ಬಂದಿತು.

ಬೂದುಗುಂಬಳ ಹಾಗಲ್ಲ; ಅದು ಏಷ್ಯಾದ ಹಳೆಯ ಬೆಳೆ. ನಮ್ಮ 'ಕೊರೆಯುವ ಹಬ್ಬ' ಇರುವುದು ಅದರಲ್ಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಆಯುಧಪೂಜೆಯನ್ನು ನೆನಪಿಸಿಕೊಳ್ಳಿ. ಕಾಯಿಯ ತಲೆಯಲ್ಲಿ ಬಿಲ್ಲೆ ಕತ್ತರಿಸಿ, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ, ಮಗ್ಗಗಳಿಗೆ ನಿವಾಳಿಸಿ ಬೀದಿಯಲ್ಲಿ ಒಡೆಯುತ್ತಿದ್ದರು. ತಿರುಳೆಲ್ಲ ಕೆಂಪಾಗಿ ಚೆಲ್ಲಿದಾಗ ನಾವು ಹುಡುಗರು ಹೇಸದೆ ಕೈಹಾಕಿ ಕಾಸು ಆಯುತ್ತಿದ್ದೆವು. ಶಾಸ್ತ್ರದವರು ಇದನ್ನು ಕೂಷ್ಮಾಂಡ ಬಲಿ ಎನ್ನುತ್ತಾರೆ. ಪ್ರಾಣಿಯ ತಲೆಗೆ ಬದಲು ಕಾಯಿ, ನೆತ್ತರಿಗೆ ಬದಲು ಕುಂಕುಮ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯಕ್ಕೆ ಬಂದದ್ದು 1959ರಲ್ಲಿ. ಅದಕ್ಕೆ ಬಹು ಮೊದಲೇ ನಮ್ಮ ಹಿರಿಯರು ಹುಸಿರಕ್ತದಿಂದ ನಿಜರಕ್ತವನ್ನು ಉಳಿಸುವ ಉಪಾಯ ಕಂಡುಕೊಂಡಿದ್ದರು. ನನ್ನ ದೃಷ್ಟಿಯಲ್ಲಿ ಇದು ಕರುಣೆಯ ಕಲೆ.

ಆದರೆ ಅದೇ ಹುಸಿರಕ್ತಕ್ಕೆ ಇನ್ನೊಂದು ಮುಖವೂ ಉಂಟು. ತೊಂಬತ್ತರ ದಶಕದ ಮೊದಲಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ಹಳ್ಳಿಯ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲು ಅವಳ ಮನೆಗೆ ಹೋದೆ. ಊರಿಗೆ ಬಂದಿದ್ದ ಮಂತ್ರವಾದಿಯೊಬ್ಬ ಅವಳ ತಲೆಯ ಸುತ್ತ ನಿವಾಳಿಸಿದ ನಿಂಬೆಹಣ್ಣನ್ನು ಕೊಯ್ದಾಗ ರಕ್ತ ಬಂದಿತಂತೆ. ಗಾಳಿ ಸೋಕಿದೆ ಎಂದು ಹೇಳಿ ಹಣ ಪಡೆದು ಹೋಗಿದ್ದ. ಚಾಕುವಿಗೆ ದಾಸವಾಳದ ದಳವನ್ನು ಉಜ್ಜಿ ಒಣಗಿಸಿ, ಅವರ ಕಣ್ಣೆದುರೇ ನಿಂಬೆಹಣ್ಣು ಕೊಯ್ದು ತೋರಿಸಿದೆ. ಹುಳಿ ತಾಗಿದೊಡನೆ ದಾಸವಾಳದ ಬಣ್ಣ ಕೆಂಪಾಗಿ ಹರಿಯಿತು. ಅವಳ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಸು ಮಾರಿಬಿಟ್ಟೆ ಮೇಷ್ಟ್ರೇ" ಎಂದರು. ಹುಡುಗಿ ಮರುದಿನ ಶಾಲೆಗೆ ಬಂದಳು, ಹಸು ಬರಲಿಲ್ಲ. ಆ ಪ್ರಯೋಗವನ್ನು ಜೂನ್ ತಿಂಗಳಲ್ಲೇ ತರಗತಿಯಲ್ಲಿ ಏಕೆ ಮಾಡಲಿಲ್ಲವೆಂಬ ಕೊರಗು ಇಂದಿಗೂ ಇದೆ.

ಇಂಥ ಪವಾಡಗಳನ್ನು ಪರೀಕ್ಷಿಸಲೆಂದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಸಮಿತಿಯೊಂದನ್ನು ರಚಿಸಿದ್ದರು. ಅವರು ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ವಾಮಾಚಾರದ ವಿರುದ್ಧ ರಾಜ್ಯದಲ್ಲಿ ಅಧಿನಿಯಮವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ಕಾನೂನು ಬೇಕು, ನಿಜ. ಆದರೆ ಅದು ಬರುವುದು ಹಸು ಮಾರಿದ ಮೇಲೆ. ಪಾಠ ಅದಕ್ಕೂ ಮೊದಲು ಬರಬಹುದು.

ಆದ್ದರಿಂದ ಮೊಮ್ಮಕ್ಕಳ ಹ್ಯಾಲೋವೀನನ್ನು ಪರದೇಶದ ಹುಚ್ಚು ಎಂದು ನಾನು ಹಳಿಯಲಾರೆ. ತಾನೇ ಕಲಸಿದ ರಕ್ತಕ್ಕೆ ಮಗು ಹೆದರುವುದಿಲ್ಲ. ಅಂದು ಲೋಟದಲ್ಲಿ ಉಳಿದಿದ್ದ ಕೆಂಪು ನೀರಿಗೆ ಮೊಮ್ಮಗಳಿಂದಲೇ ನಿಂಬೆರಸ ಹಿಂಡಿಸಿದೆ. ನೀರು ಮರಳಿ ಹಳದಿಯಾಯಿತು. ಅವಳು ಲೋಟ ಹಿಡಿದು ಗೆಳತಿಯರಿಗೆ ತೋರಿಸಲು ಓಡಿದಳು.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಈ ಪ್ರಯೋಗಕ್ಕೆ ಒಂದು ರೂಪಾಯಿಯೂ ಖರ್ಚಾಗದು. ಸುಣ್ಣ ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ, ವರ್ಷದ ಮೊದಲ ವಾರದಲ್ಲೇ ಮಾಡಿ ತೋರಿಸಿ. ಹಾಗೆಯೇ ಈ ಸಲದ ಆಯುಧಪೂಜೆಯಲ್ಲಿ ಒಡೆದ ಕುಂಬಳವನ್ನು ರಸ್ತೆಯಿಂದ ಬದಿಗೆ ಸರಿಸಿಬಿಡಿ. ಅದರ ಮೇಲೆ ಬೈಕು ಜಾರಿ ಬಿದ್ದವನ ರಕ್ತ ಕುಂಕುಮದ್ದಲ್ಲ.